ಉಳಿದವರ ಅಚ್ಚು

ನಮ್ಮ ಕಾರ್ಖಾನೆಯಲ್ಲಿ ಮುಖದ ಅಚ್ಚುಗಳು ಮೂರೇ. ಒಂದು ಯೇಸುವಿನದು, ಒಂದು ಹೆಂಗಸರದು, ಇನ್ನೊಂದು ಉಳಿದ ಗಂಡಸರದು. ಕಾರ್ಖಾನೆ ಅಂದೆನೆಂದು ದೊಡ್ಡದನ್ನು ಕಲ್ಪಿಸಿಕೊಳ್ಳಬೇಡಿ. ಮನೆಯ ಹಿಂದೆ ಒಂದು ತಗಡಿನ ಶೆಡ್ಡು, ಎರಡು ಮೇಜು, ಒಂದು ನೀರಿನ ತೊಟ್ಟಿ, ಕೂತರೆ ಎದ್ದರೆ ಮೈಗೆ ಹತ್ತುವ ಬಿಳಿ ಪುಡಿ. ಮೂರು ತಲೆಮಾರಿನಿಂದ ನಾವು ಚರ್ಚುಗಳಿಗೆ ಪ್ಲಾಸ್ಟರಿನ ಮೂರ್ತಿ ಮಾಡುವವರು. ಇದನ್ನು ಶುರು ಮಾಡಿದ ಅಜ್ಜ ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣ. ಯೇಸುವಿಗೆ ಒಂದು ಮುಖ ಬೇಕೇ ಬೇಕು, ಅವನ ತಾಯಿಗೂ ಬೇಕು, ಉಳಿದವರಿಗೆಲ್ಲ ಸೇರಿ ಒಂದು ಸಾಕು ಅಂತ ತೀರ್ಮಾನಿಸಿದನಂತೆ. ಅದೇ ತಲೆಗೆ ಗಡ್ಡ ಮೆತ್ತಿದರೆ ಶಿಷ್ಯ, ಶಿರಸ್ತ್ರಾಣ ಇಟ್ಟರೆ ಸೈನಿಕ, ಬಟ್ಟೆ ಸುತ್ತಿದರೆ ದಾರಿಹೋಕ.

ದುರಸ್ತಿಗೆ ಬರುವ ಮೂರ್ತಿಗಳಲ್ಲಿ ಯಾವಾಗಲೂ ಸೈನಿಕರದೇ ಮೂಗು ಹೋಗಿರುತ್ತದೆ. ಯೇಸುವಿಗೆ ಚಾಟಿ ಬೀಸುವವನನ್ನು, ಮೊಳೆ ಹೊಡೆಯುವವನನ್ನು ಜನ ಸುಮ್ಮನೆ ಬಿಡುವುದಿಲ್ಲ. ಯಾರೂ ನೋಡದಾಗ ಕೀಲಿಕೈಯಿಂದ ಕೆರೆದು ಹೋಗುತ್ತಾರೆ. ನಾನಿದ್ದಿದ್ದರೆ ತಡೆಯುತ್ತಿದ್ದೆ ಅನ್ನುವ ಪೌರುಷ. ಎರಡು ಸಾವಿರ ವರ್ಷ ತಡವಾಗಿ ಬಂದರೆ ಯಾರು ಬೇಕಾದರೂ ಧೈರ್ಯವಂತರೇ. ಈ ಮಾತು ನನಗೂ ಸಲ್ಲುತ್ತದೆ ಅಂತ ಗೊತ್ತಾಗಲು ತಮ್ಮ ಸಾಯಬೇಕಾಯಿತು.

ತಮ್ಮ ವೈರಿಂಗ್ ಕೆಲಸದವನು. ಯಾವಾಗ ಬರುತ್ತಾನೆ, ಯಾವಾಗ ಹೋಗುತ್ತಾನೆ ಹೇಳಲಾಗದು ಅಂತ ಓಣಿಯವರೆಲ್ಲ ಅವನನ್ನು ಕರೆಂಟು ಅಂತಲೇ ಕರೆಯುತ್ತಿದ್ದರು. ಯಾವುದೋ ಗೋದಾಮಿನಲ್ಲಿ ತಾಮ್ರದ ತಂತಿ ಕಳುವಾಗಿದೆ, ವೈರಿಂಗಿನವರನ್ನೆಲ್ಲ ಕರೆದು ವಿಚಾರಿಸುತ್ತಿದ್ದೇವೆ ಅಂತ ಒಂದು ಸಂಜೆ ಪೊಲೀಸರು ಬಂದರು. “ಅಕ್ಕಾ, ಊಟ ಮುಚ್ಚಿಡು, ಈಗ ಬಂದೆ” ಅಂತ ಚಪ್ಪಲಿ ಮೆಟ್ಟಿಕೊಂಡು ಹೋದ. ಬೆಳಗ್ಗೆ ನಾನೂ ಅಪ್ಪನೂ ಠಾಣೆಗೆ ಹೋದರೆ ಆಸ್ಪತ್ರೆಗೆ ಹೋಗಿ ಅಂದರು. ನಾವು ಆಸ್ಪತ್ರೆಯ ಹಿಂಬಾಗಿಲು ಮುಟ್ಟುವುದಕ್ಕೂ ಜೀಪು ಬಂದು ನಿಲ್ಲುವುದಕ್ಕೂ ಸರಿಹೋಯಿತು.

ಸ್ಟ್ರೆಚರಿನ ಚಕ್ರ ಕಿತ್ತುಹೋಗಿತ್ತು. ಜೀಪಿನ ಡ್ರೈವರ್ ತಮ್ಮನನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ನಮ್ಮದು ಮುಖ ನೋಡಿ ಬದುಕುವ ಕಸುಬು, ಒಮ್ಮೆ ಕಂಡ ಮುಖ ಬೆರಳಿಗೆ ಇಳಿದುಬಿಡುತ್ತದೆ. ಅಗಲ ದವಡೆ, ಎಡಕ್ಕೆ ವಾಲಿದ ಮೂಗು, ಗಲ್ಲದ ನಡುವೆ ಗುಳಿ, ಬಲಹುಬ್ಬು ನಡುವೆ ತುಂಡಾಗಿ ಅಲ್ಲಿ ಕೂದಲಿಲ್ಲ. ಒಳಗೆ ಮೇಜಿನ ಮೇಲೆ ಮಲಗಿಸುವಾಗ ಅವನು ಆಸ್ಪತ್ರೆಯ ಆಳಿಗೆ, “ತಲೆ ಹುಷಾರು” ಅಂದ. ಸತ್ತವನ ತಲೆಗೆ ಇನ್ನೇನು ಹುಷಾರು? ಕೊಂದು ತಂದು ಲೇವಡಿ ಬೇರೆ ಅಂತ ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಠಾಣೆಯ ಮೆಟ್ಟಿಲಿನಿಂದ ಬಿದ್ದು ಸತ್ತ ಅಂತ ಬರೆದರು. ಆ ಠಾಣೆಗೆ ಇರುವುದು ಮೂರು ಮೆಟ್ಟಿಲು. ನಾನು ಹೋಗಿ ನೋಡಿ ಬಂದಿದ್ದೇನೆ. ಮೂರನೆಯದರ ಮೇಲೆ ಒಂದು ಬೆಕ್ಕು ಕಾಲು ಚಾಚಿ ಮಲಗಿತ್ತು. ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿ ಅಂಗಿ, ಪ್ಯಾಂಟು, ಬೆಲ್ಟು ಇದ್ದವು. ಚಪ್ಪಲಿ ಒಂದೇ ಇತ್ತು.

ಗಲಾಟೆ ಆಗಿ ವಿಚಾರಣೆಗೆ ಒಬ್ಬ ಅಧಿಕಾರಿಯನ್ನು ನೇಮಿಸಿದರು. ನಾಲ್ಕು ತಿಂಗಳ ಗಡುವು. ಠಾಣೆಯಲ್ಲಿದ್ದವರೆಲ್ಲ ಒಂದೇ ಬಾಯಿಂದ ಮೆಟ್ಟಿಲು ಅಂದರು. ನಮ್ಮ ವಕೀಲರದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು. “ಒಳಗಿದ್ದವರು ಒಬ್ಬರಾದ್ರೂ ಬಾಯಿ ಬಿಟ್ರೆ ನೋಡಬಹುದು ಕಣಮ್ಮಾ.”

“ಬಿಡದಿದ್ರೆ?”

“ಬಿಡದಿದ್ರೆ ಮೆಟ್ಟಿಲೇ ಗಟ್ಟಿ.”

ಅಷ್ಟರಲ್ಲಿ ಚರ್ಚಿನ ಕೆಲಸ ಬಂತು. ಛಾವಣಿ ಸೋರಿ ಅಲ್ಲಿದ್ದ ಶಿಲುಬೆಯ ಹಾದಿ ಹಾಳಾಗಿತ್ತು. ಶಿಲುಬೆಯ ಹಾದಿ ಅಂದರೆ ಯೇಸುವಿಗೆ ಮರಣದಂಡನೆ ಆದಲ್ಲಿಂದ ಸಮಾಧಿಯವರೆಗಿನ ಹದಿನಾಲ್ಕು ದೃಶ್ಯ. ಗೋಡೆಗುಂಟ ಸಾಲಾಗಿ ಇರುತ್ತವೆ, ಜನ ಒಂದೊಂದರ ಮುಂದೆಯೂ ನಿಂತು ಪ್ರಾರ್ಥನೆ ಮಾಡುತ್ತ ಸಾಗುತ್ತಾರೆ. ಆ ಚರ್ಚಿನ ಪಕ್ಕದಲ್ಲಿ ಚರ್ಚಿನದೇ ಶಾಲೆ, ಎದುರಿಗೆ ಪೊಲೀಸರ ವಸತಿಗೃಹ. ಇದನ್ನು ಕೇಳಿದ ಕೂಡಲೇ ನನ್ನ ತಲೆಗೆ ಹುಳ ಹೊಕ್ಕಿತು.

ಉಳಿದವರ ಅಚ್ಚು ಸವೆದು ಬಿರುಕು ಬಿಟ್ಟಿತ್ತು. ಅಪ್ಪನಿಗೆ ಕಣ್ಣು ಮಂಜು, ಈಗೀಗ ಎಲ್ಲ ಕೆಲಸ ಬೆರಳಿನಿಂದಲೇ. “ಹಳೇ ತಲೆ ನೋಡ್ಕೊಂಡು ಹೊಸ ಅಚ್ಚು ತೆಗೆದಿಡು” ಅಂತ ನನಗೆ ಹೇಳಿದ. ನಾನು ಹಳೆಯ ತಲೆಯನ್ನು ಗೋಡೆಗೆ ಮುಖ ಮಾಡಿ ಇಟ್ಟೆ. ಮೊದಲು ಜೇಡಿಮಣ್ಣಿನಲ್ಲಿ ತಮ್ಮನನ್ನು ಮಾಡಲು ಕೂತೆ. ಬರಲಿಲ್ಲ. ಇಪ್ಪತ್ತಾರು ವರ್ಷ ಕಂಡ ಮುಖ, ಕೈಗೆ ಬರಲಿಲ್ಲ. ಆ ಮಣ್ಣನ್ನೇ ಮುದ್ದೆ ಮಾಡಿ ಡ್ರೈವರನನ್ನು ಮಾಡಿದೆ. ನೀರು ಕುಡಿದಷ್ಟು ಸಲೀಸಾಗಿ ಬಂದ. ಅವನಿಂದ ಅಚ್ಚು ತೆಗೆದು ಏಳು ಸೈನಿಕರ ತಲೆ ಎರಕ ಹೊಯ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಲಿ. ದಿನಾ ನೂರು ಜನ ಇವನ ಮೂಗು ಕೆರೆಯಲಿ. ನಿಜ ಹೇಳುತ್ತೇನೆ, ತಮ್ಮ ಹೋದ ಮೇಲೆ ನನಗೆ ಖುಷಿ ಅನ್ನಿಸಿದ್ದು ಆ ಎರಡು ದಿನ ಮಾತ್ರ.

ಸೈನಿಕರನ್ನು ಮುಗಿಸಿ, ಈ ಅಚ್ಚನ್ನು ಒಡೆದು, ಉಳಿದವರಿಗೆ ಬೇರೆ ತೆಗೆಯೋಣ ಅಂತಿದ್ದೆ. ಮರುದಿನ ವಿಚಾರಣಾ ಕಚೇರಿಯಿಂದ ಕರೆ ಬಂತು. ಅಚ್ಚು ಹಲಗೆಯ ಮೇಲೆ ಅದರ ಜಾಗದಲ್ಲೇ ಉಳಿಯಿತು. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಬೆಂಚು ಕಾಯಿಸಿ, ಇನ್ನೊಂದು ದಿನ ಬಾ ಅಂದರು.

ಮನೆಗೆ ಬಂದರೆ ಅಪ್ಪ ಕೈ ತೊಳೆಯುತ್ತಿದ್ದ. ಉಳಿದ ತಲೆಗಳನ್ನೆಲ್ಲ ಎರಕ ಹೊಯ್ದು ಮುಂಡಗಳಿಗೆ ಕೂರಿಸಿಬಿಟ್ಟಿದ್ದ. ಐದನೆಯ ದೃಶ್ಯದಲ್ಲಿ ಯೇಸುವಿನ ಜೊತೆ ಶಿಲುಬೆಗೆ ಹೆಗಲು ಕೊಡುವ ದಾರಿಹೋಕನಿಗೂ ಅದೇ ತುಂಡು ಹುಬ್ಬು. ಹದಿಮೂರನೆಯದರಲ್ಲಿ ಶವವನ್ನು ಕೆಳಗಿಳಿಸಿ ಎದೆಗೆ ಒರಗಿಸಿಕೊಂಡವನಿಗೂ ಅದೇ ಸೊಟ್ಟ ಮೂಗು.

“ಅಪ್ಪಾ, ಇದೇನು ಮಾಡಿದೆ?”

“ಕೆಲಸ ಮಾಡಿದೆ.”

“ಆ ಅಚ್ಚು ಸೈನಿಕರಿಗೆ ಮಾತ್ರ.”

“ಉಳಿದವರ ಜಾಗದಲ್ಲಿತ್ತು. ಉಳಿದವರಿಗೆ ಹಾಕಿದೆ.”

“ಮುಖ ಬೇರೆ ಅಂತ ಬೆರಳಿಗೆ ಗೊತ್ತಾಗ್ಲಿಲ್ವಾ?”

ಅಪ್ಪ ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. “ಮೊದಲನೇ ತಲೆಗೇ ಗೊತ್ತಾಯ್ತು. ಹುಬ್ಬು ತುಂಡು, ಮೂಗು ಸೊಟ್ಟ. ದಿನಾ ನೀನೇ ತಾನೇ ಹೇಳ್ತಿದ್ದದ್ದು.”

“ಗೊತ್ತಿದ್ದೂ ಹಾಕಿದ್ಯಾ? ಕೊಂದವನಿಗೆ ಶಿಲುಬೆ ಹೊರಿಸಿದ್ಯಾ?”

“ಅವನು ಕೊಂದದ್ದನ್ನ ನೀನು ನೋಡಿಲ್ಲ ಕಣೇ. ಹೊತ್ತು ತಂದದ್ದನ್ನ ನೋಡಿದೀಯ. ನೋಡಿದ್ದನ್ನ ಬಿಟ್ಟು ನೋಡದೇ ಇದ್ದದ್ದನ್ನ ಮಾಡಿದೀಯ. ನಾನು ಎರಡೂ ಇರ್ಲಿ ಅಂದೆ.” ಟವೆಲನ್ನು ಹೆಗಲಿಗೆ ಹಾಕಿಕೊಂಡು, “ತಲೆ ಹುಷಾರು ಅಂದಿದ್ದ ಅವನು. ನನಗೆ ಕಣ್ಣು ಹೋಗಿದೆ, ಕಿವಿ ಹೋಗಿಲ್ಲ” ಅಂದ.

ಸುತ್ತಿಗೆ ಎತ್ತಿಕೊಂಡು ದಾರಿಹೋಕನ ಮುಂದೆ ನಿಂತೆ. ಅಪ್ಪ ತಡೆಯಲಿಲ್ಲ. ಆದರೆ ದಾರಿಹೋಕನ ತಲೆಯನ್ನು ಯೇಸುವಿನ ತಲೆಗೆ ಎಷ್ಟು ಹತ್ತಿರ ಕೂರಿಸಿದ್ದನೆಂದರೆ ನಡುವೆ ಬೆರಳು ತೂರುವಷ್ಟು ಜಾಗವಿರಲಿಲ್ಲ. ಒಂದಕ್ಕೆ ಹೊಡೆದರೆ ಇನ್ನೊಂದೂ ಹೋಗುತ್ತದೆ. ಸುತ್ತಿಗೆ ಕೆಳಗಿಟ್ಟು ಒಳಗೆ ಹೋಗಿ ಅತ್ತೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಬಗೆದದ್ದು ಅಪ್ಪ.

ಪಾದ್ರಿಗಳು ದಮ್ಮು ಕಾಯಿಲೆಯ ಸಣಕಲು ಮನುಷ್ಯ. ಗೋಡೆಗೆ ಹಚ್ಚಿದ ದಿನ ಒಂದರಿಂದ ಹದಿನಾಲ್ಕರವರೆಗೆ ನಡೆದು ನೋಡಿ, “ನಿಮ್ಮಜ್ಜ ಇನ್ನೂ ಬದುಕಿದ್ದಾರೆ ಅಂತ ಕಾಣುತ್ತೆ, ಎಲ್ಲರಿಗೂ ಒಂದೇ ಮುಖ” ಅಂತ ನಕ್ಕರು. ಅಪ್ಪನೂ ನಕ್ಕ. ನನಗೆ ನಗು ಬರಲಿಲ್ಲ.

ಗಡುವಿಗೆ ಆರು ದಿನ ಇದ್ದಾಗ, ಒಂದು ಮಧ್ಯಾಹ್ನ ಶೆಡ್ಡಿನ ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿದರೆ ನಾನು ಮಾಡಿದ ಮುಖ. ಖಾಕಿ ಇರಲಿಲ್ಲ, ಮಾಸಿದ ಚೌಕಳಿ ಅಂಗಿ ಹಾಕಿದ್ದ.

“ಚರ್ಚಿನ ಗೋಡೇದು ಇಲ್ಲೇ ಮಾಡಿದ್ದಾ ಅಕ್ಕಾ?”

ಹೊಸಬರನ್ನು ಬಹುವಚನದಲ್ಲಿ ಮಾತಾಡಿಸುವ ಸಂಸ್ಕಾರ ನನಗಿದೆ. ಅವನಿಗೆ ಕೊಡಲಿಲ್ಲ. “ಹೌದು. ಏನೀಗ? ನಿನಗೆ ಬೇಜಾರಾಯ್ತಾ?”

ಅಪ್ಪ ಸ್ಟೂಲಿನತ್ತ ಕೈ ತೋರಿಸಿದ. ಅವನು ಕೂತು ಮಂಡಿಯ ಮೇಲೆ ಕೈ ಇಟ್ಟುಕೊಂಡ. “ನನ್ನ ಮಗಳು ಅಲ್ಲೇ ಶಾಲೆಗೆ ಹೋಗ್ತಾಳೆ, ಎರಡನೇ ಕ್ಲಾಸು. ಮನೆಗೆ ಬಂದು, ‘ಅಪ್ಪಾ, ನೀನು ಗೋಡೆ ಮೇಲಿದೀಯ’ ಅಂದ್ಲು. ‘ಒಂದ್ಕಡೆ ಯೇಸುವಿನ ಶಿಲುಬೆ ಹೊತ್ಕೊಂಡಿದೀಯ, ಒಂದ್ಕಡೆ ಮೊಳೆ ಹೊಡೀತಿದೀಯ. ನಿಜವಾಗ್ಲೂ ನೀನು ಯಾವುದು’ ಅಂತ ಕೇಳಿದ್ಲು.”

“ಏನು ಹೇಳಿದೆ?”

“ಹೋಂವರ್ಕ್ ಮಾಡು ಅಂದೆ.”

ತೊಟ್ಟಿಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಆಮೇಲೆ ಅವನೇ ನೆಲ ನೋಡುತ್ತ ಹೇಳಿದ. “ಹೊಡೆದದ್ದು ಸಾಹೇಬ್ರೂ ಸೇರಿ ಮೂರು ಜನ. ಸಾಹೇಬ್ರು ನನ್ನ ಕರೆದು ಕಾಲು ಹಿಡ್ಕೋ ಅಂದ್ರು. ಹಿಡ್ಕೊಂಡೆ. ಮೊದಮೊದಲು ತುಂಬ ಒದರ್ತಿದ್ದ. ‘ಅಣ್ಣಾ ಬಿಡಣ್ಣಾ’ ಅಂತ ನನಗೇ ಹೇಳ್ತಿದ್ದ. ಆಮೇಲೆ ಕಾಲು ಹಗುರ ಆಯ್ತು. ಆಗ್ಲೂ ನಾನು ಬಿಡಲಿಲ್ಲ. ಬಿಡು ಅಂತ ಯಾರೂ ಹೇಳಲಿಲ್ಲವಲ್ಲ.”

ಅಪ್ಪ ಬಂದು ನನ್ನ ಕೈಯಲ್ಲಿದ್ದ ಉಳಿಯನ್ನು ತೆಗೆದುಕೊಂಡ.

“ಒಂದು ಚಪ್ಪಲಿ ನನ್ನ ಕೈಯಲ್ಲೇ ಉಳೀತು. ಜೀಪಿನ ಸೀಟಿನ ಕೆಳಗೆ ಇದೆ. ಎಸೆಯೋಣ ಅಂತ ಎಷ್ಟೋ ಸಲ ತೆಗೆದೆ, ಆಗಲಿಲ್ಲ.”

“ಅದನ್ನ ವಿಚಾರಣೇಲಿ ಹೇಳು,” ಅಂದೆ. “ಸೋಮವಾರ ಕೊನೇ ದಿನ. ಹೇಳಿದ್ರೆ ಆ ಮೊಳೆ ಹೊಡೆಯೋನ ತಲೆ ತೆಗೆದು ಬೇರೆ ಹಾಕ್ತೀನಿ. ಹೊತ್ತದ್ದು ಮಾತ್ರ ಉಳಿಯುತ್ತೆ. ಮಗಳಿಗೆ ಅದನ್ನೇ ತೋರಿಸ್ಕೋ.”

ಅವನು ತಲೆ ಅಲ್ಲಾಡಿಸಿದ. “ಬೇಡ ಅಕ್ಕಾ. ತೆಗೆದ್ರೆ ಸುಳ್ಳಾಗುತ್ತೆ. ಎರಡೂ ನಾನೇ.”

ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅನ್ನಲಿಲ್ಲ. ಹೊರಟವನನ್ನು ಅಪ್ಪ ಬಾಗಿಲಲ್ಲಿ ನಿಲ್ಲಿಸಿ ಮುಖ ಮುಟ್ಟಿ ನೋಡಿದ. ಹಣೆ, ಹುಬ್ಬು, ಮೂಗು, ದವಡೆ. ಅವನು ಕಣ್ಣು ಮುಚ್ಚಿ ನಿಂತಿದ್ದ. “ಗಲ್ಲ ಸ್ವಲ್ಪ ಜಾಸ್ತಿ ಮಾಡಿದೀಯ,” ಅಂದ ಅಪ್ಪ ನನಗೆ.

ಸೋಮವಾರ ನಾವಿಬ್ಬರೂ ಹತ್ತಕ್ಕೇ ಹೋಗಿ ಕೂತೆವು. ಕಚೇರಿಯ ಫ್ಯಾನು ಸದ್ದು ಮಾಡುತ್ತಿತ್ತು, ಗಾಳಿ ಕೊಡುತ್ತಿರಲಿಲ್ಲ. ಹನ್ನೆರಡಾಯಿತು, ಎರಡಾಯಿತು. ವಕೀಲರು ಎರಡು ಸಲ ಗಡಿಯಾರ ನೋಡಿ, ಮೂರನೆಯ ಸಲ ನನ್ನ ಮುಖ ನೋಡಿದರು. ಟೈಪಿಸ್ಟು ಕಡತಕ್ಕೆ ದಾರ ಕಟ್ಟಲು ಶುರು ಮಾಡಿದ. ನಾಲ್ಕು ಹೊಡೆಯುವಾಗ ಅವನು ಬಂದ. ಖಾಕಿ ಹಾಕಿದ್ದ, ಇಸ್ತ್ರಿ ಆಗಿತ್ತು. ಪತ್ರಿಕೆಯಲ್ಲಿ ಸುತ್ತಿದ ಒಂದು ಗಂಟನ್ನು ಅಧಿಕಾರಿಯ ಮೇಜಿನ ಮೇಲಿಟ್ಟು ಬಿಚ್ಚಿದ. ಅಧಿಕಾರಿ ಕುರ್ಚಿ ಹಿಂದಕ್ಕೆ ಸರಿಸಿಕೊಂಡರು.

“ಏನಿದು?”

“ಮೆಟ್ಟಿಲಿನಿಂದ ಬಿದ್ದವನ ಚಪ್ಪಲಿ ಸಾರ್. ಬಿದ್ದದ್ದಲ್ಲ. ನಾನು ಕಾಲು ಹಿಡ್ಕೊಂಡಿದ್ದೆ.”

ಟೈಪಿಸ್ಟನ ಕೈ ನಿಂತಿತು. ಅಧಿಕಾರಿ ಅವನ ಕಡೆ ತಿರುಗಿ, ಟೈಪು ಮಾಡು ಅಂದರು. ಡ್ರೈವರ್ ಮೂರು ಹೆಸರು ಹೇಳಿದ, ತನ್ನದನ್ನು ನಾಲ್ಕನೆಯದಾಗಿ ಹೇಳಿದ. ನಾನು ಚೀಲದಿಂದ ಇನ್ನೊಂದು ಚಪ್ಪಲಿ ತೆಗೆದು ಪಕ್ಕದಲ್ಲಿಟ್ಟೆ. ಅಪ್ಪ ತಡಕಾಡಿ ಎರಡನ್ನೂ ಮುಟ್ಟಿ ಜೋಡಿ ಸರಿಮಾಡಿದ. ಬಾಗಿಲಾಚೆ ಬಿಡುವ ಚಪ್ಪಲಿಯ ಹಾಗೆ.

ಆಮೇಲೆ ಏನಾಯಿತು ಅಂದರೆ, ಆಗುವುದೇ ಆಯಿತು. ಕಡತದಿಂದ ಮೆಟ್ಟಿಲು ಹೋಯಿತು. ಹೊಡೆತದಿಂದ ಸಾವು ಅಂತ ಬಂತು. ಆ ಒಂದು ಸಾಲಿಗೆ ನಾವು ನಾಲ್ಕು ತಿಂಗಳು ಬೆಂಚು ಕಾಯಿಸಿದ್ದು. ಕಾಲು ಹಿಡಿದಿದ್ದೆ ಅಂತ ತಾನೇ ಹೇಳಿದವನನ್ನು ಆ ವಾರವೇ ಜೈಲಿಗೆ ಹಾಕಿದರು. ನಾವು ಅಲ್ಲಿರಲೇ ಇಲ್ಲ ಅಂದ ಇಬ್ಬರಿಗೆ ಜಾಮೀನು ಸಿಕ್ಕಿತು, ಸಾಹೇಬರಿಗೆ ವರ್ಗಾವಣೆ ಸಿಕ್ಕಿತು. ಬಾಯಿ ಬಿಟ್ಟವನು ಒಳಗೆ, ಬಾಯಿ ಮುಚ್ಚಿಕೊಂಡವರು ಹೊರಗೆ. ಪತ್ರಿಕೆಯಲ್ಲಿ ಬಂದದ್ದು ಅವನೊಬ್ಬನ ಫೋಟೋ.

ಆ ಫೋಟೋ ಬಂದ ಮೇಲೆ ಪಾದ್ರಿಗಳು ನಮ್ಮ ಶೆಡ್ಡಿಗೆ ಬಂದರು. ಏದುಸಿರು ನಿಲ್ಲುವವರೆಗೆ ಕೂತಿದ್ದು, “ಸ್ವಲ್ಪ ಬಂದು ನೋಡಮ್ಮಾ” ಅಂದರು.

ಚರ್ಚಿಗೆ ಹೋದೆ. ಜನ ಗುರುತು ಹಿಡಿದಿದ್ದರು. ನಾನು ಬಯಸಿದ್ದು ಅದೇ ಅಲ್ಲವೇ. ಸೈನಿಕರ ಮುಖಗಳನ್ನು ಮಾತ್ರ ಅಲ್ಲ, ಶಿಲುಬೆ ಹೊತ್ತವನ ಕಣ್ಣು ಕಿತ್ತಿದ್ದರು, ಶವ ಇಳಿಸಿಕೊಂಡವನ ಮೂಗು ಒಡೆದಿದ್ದರು. ಮೊಳೆ ಹೊಡೆಯುವವನಿಗಂತೂ ಕಲ್ಲಿನಿಂದಲೇ ಕೊಟ್ಟಿದ್ದರು. ಕುತ್ತಿಗೆ ಒಡೆದು ತಲೆ ಒಳಗಿನ ತಂತಿಯಲ್ಲಿ ನೇತಾಡುತ್ತಿತ್ತು. ಇವರಲ್ಲಿ ಒಬ್ಬರೂ ನಾಲ್ಕು ತಿಂಗಳಲ್ಲಿ ಒಂದು ದಿನ ನಮ್ಮ ಜೊತೆ ಬಂದು ಆ ಬೆಂಚಿನ ಮೇಲೆ ಕೂತಿರಲಿಲ್ಲ.

ಏಣಿ ಹಾಕಿ ಹತ್ತಿದೆ. ದಾರಿಹೋಕನ ಕಣ್ಣಿಗೆ ಪ್ಲಾಸ್ಟರ್ ತುಂಬಿದೆ. ಶವ ಇಳಿಸಿಕೊಂಡವನಿಗೆ ಮೂಗು ಕಟ್ಟಿದೆ. ಗಲ್ಲವನ್ನು ಅಪ್ಪ ಹೇಳಿದಷ್ಟು ಕಡಿಮೆ ಮಾಡಿದೆ. ಸೈನಿಕರನ್ನು ಹಾಗೇ ಬಿಟ್ಟು ಕೈ ಒರೆಸಿಕೊಂಡು ಇಳಿದೆ. ಅಷ್ಟರಲ್ಲಿ ಒಬ್ಬಳು ಹೆಂಗಸು ಶಾಲೆಯ ಸಮವಸ್ತ್ರದ ಮಗುವನ್ನು ಕರೆದುಕೊಂಡು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಮಗುವಿನ ಹುಬ್ಬು ನೋಡಿಯೇ ಯಾರೆಂದು ತಿಳಿಯಿತು. ಹುಬ್ಬೇನೋ ಪೂರ್ತಿ ಇತ್ತು, ಬಾಗಿದ ರೀತಿ ಡ್ರೈವರನದೇ.

ಹೆಂಗಸು ನನ್ನ ಕಣ್ಣು ತಪ್ಪಿಸಿ ಹೇಳಿದಳು. “ಜೈಲಿಗೆ ಮಗೂನ ಕರ್ಕೊಂಡು ಹೋಗೋಕೆ ಮನಸ್ಸು ಬರಲ್ಲ ಅಕ್ಕಾ. ಅಪ್ಪನ್ನ ನೋಡ್ಬೇಕು ಅಂತ ಹಠ ಮಾಡ್ದಾಗೆಲ್ಲ ಇಲ್ಲಿಗೆ ಕರ್ಕೊಂಡು ಬರ್ತಿದ್ದೆ. ಹೋದ ವಾರದಿಂದ ಇಲ್ಲೂ ಮುಖ ಇರಲಿಲ್ಲ.”

“ಈಗ ಸರಿಮಾಡಿದೀನಿ,” ಅಂದೆ. “ಶಿಲುಬೆ ಹೊತ್ಕೊಂಡಿರೋದು ನೋಡು ಪುಟ್ಟಾ. ಚೆನ್ನಾಗಿದೆ.”

ಮಗು ಅದನ್ನು ನೋಡಿತು. ಆಮೇಲೆ ಹನ್ನೊಂದನೆಯ ದೃಶ್ಯದ ಕೆಳಗೆ ಹೋಗಿ ಕತ್ತು ಎತ್ತಿ ನಿಂತಿತು. “ಇದನ್ನ ಯಾಕೆ ಮಾಡಲಿಲ್ಲ ಆಂಟಿ?”

“ಅವನು ಸೈನಿಕ.”

“ಅದೂ ಅಪ್ಪನೇ. ಅಪ್ಪನೇ ಹೇಳಿದಾರೆ.”

ಕ್ಷಮಿಸಿಬಿಟ್ಟೆ ಅಂತ ಯಾರೂ ಅಂದುಕೊಳ್ಳಬೇಡಿ. ‘ಅಣ್ಣಾ ಬಿಡಣ್ಣಾ’ ಅಂದದ್ದನ್ನು ನಾನು ಕೇಳಿಲ್ಲ, ಆದರೂ ದಿನಾ ಕೇಳುತ್ತದೆ. ಆ ಕೈ ಬಿಟ್ಟಿದ್ದರೆ ತಮ್ಮ ಬದುಕುತ್ತಿದ್ದನೇನೋ ಅನ್ನುವ ಲೆಕ್ಕ ನನ್ನ ಜೀವ ಇರುವವರೆಗೂ ಮುಗಿಯುವುದಿಲ್ಲ. ಆದರೆ ಮಗು ಅಲ್ಲಿ ಕತ್ತು ಎತ್ತಿಕೊಂಡು ನಿಂತಿತ್ತು, ಮೇಲೆ ಅದರ ಅಪ್ಪನ ತಲೆ ತಂತಿಯಲ್ಲಿ ನೇತಾಡುತ್ತಿತ್ತು.

ಏಣಿಯನ್ನು ಆ ಕಡೆ ಎಳೆದುಕೊಂಡೆ. ಪಾದ್ರಿಗಳು ಬಂದು ಹಿಡಿದುಕೊಂಡರು. ಅದನ್ನು ಅಲ್ಲೇ ಸರಿಮಾಡಲು ಬರುವಂತಿರಲಿಲ್ಲ, ಮನೆಗೆ ಒಯ್ಯಬೇಕು. ಇಕ್ಕಳದಿಂದ ತಂತಿ ಕತ್ತರಿಸಿದೆ. ತಲೆ ಎಡಗೈಗೆ ಬಂತು. ತಮ್ಮನದನ್ನು ನಾನು ಹಾಗೆ ಹಿಡಿದಿರಲಿಲ್ಲ, ಆ ದಿನ ಹತ್ತಿರ ಬಿಟ್ಟಿರಲಿಲ್ಲ. ಮೂಗಿಲ್ಲದ, ಒಂದೂವರೆ ಹುಬ್ಬಿನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿ ಪಾದ್ರಿಗಳಿಗೆ ಕೊಟ್ಟೆ.

“ತಲೆ ಹುಷಾರು,” ಅಂದೆ.

ಅಂದ ಮೇಲೆ ನನಗೇ ಕೇಳಿಸಿತು. ಏಣಿಯ ಮೇಲೆ ಹಾಗೇ ನಿಂತೆ.